ಗುಡದಪ್ಪನ ಹೆಬ್ಬೆರಳು

ಶಮಶೇರಸಾಬ ಗ್ಯಾರೇಜಿನ ಮುಂದೆ ಕಾರು ತಂದು ನಿಲ್ಲಿಸಿದಾಗ ಮೆಕ್ಯಾನಿಕ್ ಗುಡದಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ತನ್ನನ್ನು ಕಳ್ಳ ಎಂದ ಬಾಯಿ ಈಗ ಅದೇ ಕಳ್ಳನ ಬಾಗಿಲಿಗೆ ಬಂದಿತ್ತು. ನಾಚಿಕೆಯಾದರೂ ಬೇಡವೇ? ಹಾರ್ನ್ ಬೇರೆ ಹೊಡೆದ.

ಕಾರು ಹಳೆಯ ಫೋರ್ಡ್ ಪ್ರಿಫೆಕ್ಟ್. ಊರಲ್ಲಿ ಮಾರುತಿಗಳು ಓಡಾಡತೊಡಗಿದ್ದರೂ ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ ಮದುವೆಯ ಮೆರವಣಿಗೆಗೆ ಬಾಡಿಗೆ ಹಿಡಿಯಲು ಜನರಿಗೆ ಶಮಶೇರಸಾಬನ ಇದೇ ಕಾರು ಬೇಕು. ಬ್ಯಾಂಡಿನವರ ಹಿಂದೆ ಇರುವೆಯಂತೆ ಹರಿಯಬೇಕು. ತಂಟೆ ಇದ್ದದ್ದೇ ಅಲ್ಲಿ. ಹೆದ್ದಾರಿಯಲ್ಲಿ ಚೆನ್ನಾಗಿ ಓಡುವ ಕಾರು, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಚಳಿಜ್ವರ ಬಂದವರ ಹಾಗೆ ನಡುಗಿ ಬಂದ್ ಬೀಳುತ್ತಿತ್ತು. ಮೋಟೆಬೆನ್ನೂರಿನಲ್ಲಿ ಮದುಮಗನನ್ನು ಕೂಡಿಸಿಕೊಂಡು ನಡುಬೀದಿಯಲ್ಲಿ ನಿಂತೇಬಿಟ್ಟಿತು, ಬೀಗರೇ ತಳ್ಳಬೇಕಾಯಿತು. ಆ ಅವಮಾನವನ್ನು ಶಮಶೇರಸಾಬ ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ, ತುಂಬಿದ ಮಂದಿಯ ಮುಂದೆ, ಗುಡದಪ್ಪನ ತಲೆಗೆ ಕಟ್ಟಿದ.

“ಸರ್ವಿಸಿಗೆ ಬಿಟ್ಟಾಗ ಅಸಲಿ ಕಾರ್ಬ್ಯುರೇಟರ್ ಬಿಚ್ಚಿ ಮಾರ್ಕೊಂಡಾನ, ಕಳ್ಳ! ನಕಲಿ ಜೋಡಿಸ್ಯಾನ.”

ಮೀಸೆ ಮೂಡುವ ಮೊದಲಿನ ದೋಸ್ತಿ ಅವರದು. ಮಾತು ಊರೆಲ್ಲ ತಿರುಗಿತು. ಅಲ್ಲಿಯವರೆಗೆ ಗಾಡಿ ಬಿಟ್ಟು ಸಂತೆಗೆ ಹೋಗುತ್ತಿದ್ದವರು ಗಾಡಿಯ ಪಕ್ಕದಲ್ಲೇ ಕಾವಲು ಕೂರತೊಡಗಿದರು. ಗುಡದಪ್ಪ ನಟ್ಟು ಬಿಚ್ಚುವ ಪಾನಾ ಎತ್ತಿದರೆ ಸಾಕು, ಕತ್ತು ಚಾಚಿ ನೋಡುತ್ತಿದ್ದರು. ಸಿಟ್ಟು ಬರದೆ ಇನ್ನೇನು ಬರಬೇಕು ಮನುಷ್ಯನಿಗೆ?

“ನಾಳೆ ಮೇಡ್ಲೇರ್ಯಾಗ ಮೆರವಣಿಗಿ ಐತಿ,” ಎಂದ ಶಮಶೇರಸಾಬ, ಎತ್ತಲೋ ನೋಡುತ್ತ. “ಹಾವೇರ್ಯಾಗ ತೋರಿಸಿದೆ, ಹುಬ್ಬಳ್ಯಾಗ ತೋರಿಸಿದೆ. ಯಾರಿಗೂ ಗೊತ್ತಾಗವಲ್ದು. ಮತ್ತೊಮ್ಮೆ ನಿಂತರ ಯಾರೂ ಕರಿಯಂಗಿಲ್ಲ.”

“ಕಳ್ಳನ ಕೈಯಾಗ ಕೊಡ್ತೀರೇನ್ರಿ ಸಾಹೇಬ್ರ?” ಗೆಳೆಯನಿಗೆ ಗುಡದಪ್ಪ ಎಂದೂ ಬಹುವಚನ ಹಚ್ಚಿದವನಲ್ಲ. “ಇಲ್ಲೇ ನಿಂದ್ರಿ. ಕಣ್ಣ ಮುಚ್ಚಬ್ಯಾಡ್ರಿ, ಏನರ ಕದ್ದಗಿದ್ದೇನು.”

ಇಂಜಿನ್ ಚಾಲೂ ಮಾಡಿಸಿದ. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಯಾವುದನ್ನು ಕಿತ್ತರೂ ನಡುಕ ಒಂದೇ ಸಮ ಹೆಚ್ಚಿತು. ಅಂದರೆ ಎಲ್ಲ ಪ್ಲಗ್ಗುಗಳೂ ಸರಿಯಾಗಿದ್ದವು, ಕಿಡಿಯಲ್ಲಿ ದೋಷವಿರಲಿಲ್ಲ. ಕಾರ್ಬ್ಯುರೇಟರಿನ ಬಾಯಿಗೆ ಅಂಗೈಯನ್ನು ಅರ್ಧ ಅಡ್ಡ ಹಿಡಿದ. ಇಂಜಿನ್ ತುಸು ಸುಧಾರಿಸಿತು. ಗಾಳಿ ಕಡಿಮೆಯಾದರೆ ಸುಧಾರಿಸುತ್ತದೆ ಅಂದರೆ ಎಲ್ಲಿಂದಲೋ ಬೇಡದ ಗಾಳಿ ಒಳಗೆ ಹೋಗುತ್ತಿದೆ. ಇಂಜಿನ್ನಿನಿಂದ ಹೊರಟ ಸಣ್ಣ ರಬ್ಬರ್ ಪೈಪೊಂದರ ಬೆನ್ನು ಹತ್ತಿದ. ಅದು ಮುಂಗಾಜಿನ ಅಂಚಿನಲ್ಲಿ, ಒಣಗಿದ ಚೆಂಡುಹೂವಿನ ದಾರದ ನಡುವೆ, ಬಾಯಿ ತೆರೆದುಕೊಂಡು ಬಿದ್ದಿತ್ತು.

“ವೈಪರ್ ಎಲ್ಲಿ?”

“ನಾನ ತಗದೇನಿ. ಹಾರ ಕಟ್ಟಾಕ ಅಡ್ಡ ಬರತಿತ್ತು. ಬ್ಯಾಸಗ್ಯಾಗ ಎಲ್ಲಿ ಮಳಿ?”

ಈ ಕಾರಿನ ವೈಪರು ಬ್ಯಾಟರಿಯಿಂದ ತಿರುಗುವುದಲ್ಲ; ಇಂಜಿನ್ ಉಸಿರು ಒಳಗೆಳೆಯುವ ಬಲದಿಂದ, ಆ ಪೈಪಿನ ಮೂಲಕ. ವೈಪರ್ ಕಿತ್ತು ಪೈಪನ್ನು ಹಾಗೇ ಬಿಟ್ಟರೆ ಇಂಜಿನ್ ಅಲ್ಲಿಂದ ಗಾಳಿ ಕುಡಿಯುತ್ತದೆ. ವೇಗದಲ್ಲಿ ಗೊತ್ತಾಗುವುದಿಲ್ಲ, ನಿಧಾನಕ್ಕೆ ಇಳಿದಾಗ ಜೀವ ಹೋಗುತ್ತದೆ.

ಗುಡದಪ್ಪ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ. ನಡುಕ ನಿಂತಿತು. ತೆಗೆದ. ಕಾರು ಗಡಗಡ ನಡುಗಿತು. ಮತ್ತೆ ಒತ್ತಿದ.

ಶಮಶೇರಸಾಬನ ಮುಖ ಇಳಿಯಿತು. “ತಪ್ಪಾತೋ ಮಾರಾಯಾ. ಅದಕ್ಕೊಂದು ಬೂಚು ಜಡದಬಿಡು.”

“ಇಲ್ಲಿ ಹೇಳಿದ್ರ ನಡಿಯಂಗಿಲ್ರಿ.” ಗುಡದಪ್ಪ ಗದ್ದದಿಂದಲೇ ರಸ್ತೆಯಾಚೆಯ ಚಹಾದಂಗಡಿ ತೋರಿಸಿದ. “ಕಳ್ಳ ಅಂದಿದ್ದು ಅಲ್ಲಿ. ಅಲ್ಲೇ ಹೋಗಿ, ಅಷ್ಟೂ ಮಂದಿ ಮುಂದ ಹೇಳಿ ಬರ್ರಿ. ಅಲ್ಲೀತನಾ ನನ್ನ ಬೆರಳ ಬೂಚು.”

ಶಮಶೇರಸಾಬ ಕಾರನ್ನು ನೋಡಿದ, ಆ ಬೆರಳನ್ನು ನೋಡಿದ. ಕೊನೆಗೆ ರಸ್ತೆ ದಾಟಿ ಅಂಗಡಿಯ ಬಾಗಿಲಲ್ಲಿ ನಿಂತು ಟೋಪಿ ಸರಿಮಾಡಿಕೊಂಡ.

“ಗುಡದಪ್ಪ ಏನೂ ಕದ್ದಿಲ್ರಿ. ವೈಪರ್ ಕಿತ್ತು ಕಾರ ಕೆಡಿಸಿದಾಂವ ನಾನ.”

ಇಂಜಿನ್ ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ ಒಂದೊಂದು ಅಕ್ಷರವೂ ರಸ್ತೆ ದಾಟಿ ಬಂತು. ಗುಡದಪ್ಪನ ಹೆಬ್ಬೆರಳು ಜೋಮು ಹಿಡಿದಿತ್ತು. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಕೇಳಸಲಿಲ್ಲೋ ಶಮಶೇರಾ!” ಎಂದು ಕೂಗಿದ. “ಇನ್ನೊಮ್ಮೆ ಹೇಳು!”