ಎಡೆಗಿಟ್ಟ ಪ್ಯಾಕೆಟ್ಟು

ಪ್ಯಾಕೆಟ್ಟು ಕೈಯಿಂದ ಕೈಗೆ ದಾಟಿ ಕೊಟ್ಟೂರಪ್ಪ ಮೇಷ್ಟ್ರ ಹತ್ತಿರ ಬರುವಷ್ಟರಲ್ಲಿ ಸಭಾಂಗಣದ ತುಂಬ ನಗು ಎದ್ದಿತ್ತು. ಅದು ಸಾರಾಯಿ ಪ್ಯಾಕೆಟ್ಟೇ, ಒಳಗಿದ್ದದ್ದು ಮಾತ್ರ ನೀರು. ತರಬೇತಿ ಕೊಡಲು ದಾವಣಗೆರೆಯಿಂದ ಚಳ್ಳಕೆರೆಗೆ ಬಂದಿದ್ದ ಚಂದ್ರಣ್ಣ, ಬೀದಿಯಲ್ಲಿ ಬಿದ್ದ ಖಾಲಿ ಪ್ಯಾಕೆಟ್ಟುಗಳನ್ನು ಆರಿಸಿ, ತೊಳೆದು, ನೀರು ತುಂಬಿಸಿ, ಮೇಣದ ಬತ್ತಿಯ ಉರಿಗೆ ಹಿಡಿದು ಬಾಯಿ ಅಂಟಿಸಿ ತಂದಿದ್ದ.

"ಒಡೀರಿ ಮೇಷ್ಟ್ರೇ. ಅಂಗಡಿ ಹಿಂದೆ ಕತ್ತಲಾಗೆ ನಿಂತಿದೀನಿ ಅನ್ಕಳ್ರಿ. ಗ್ಲಾಸಿಲ್ಲ, ಕತ್ರಿ ಇಲ್ಲ."

ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಕೊಟ್ಟೂರಪ್ಪ ಉಗುರಿನಿಂದ ಕೆರೆದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಪ್ಯಾಕೆಟ್ಟು ಒಮ್ಮೆಲೇ ಸೀಳಿ ನೀರೆಲ್ಲ ಇಸ್ತ್ರಿ ಅಂಗಿಯ ಮೇಲೆ ಬಿತ್ತು.

"ಮನೇಲಿ ಏನಂತ ಹೇಳ್ತೀರಿ ಮೇಷ್ಟ್ರೇ ಇವತ್ತು?" ಎಂದು ಹಿಂದಿನ ಸಾಲಿನಿಂದ ಸೂರಮ್ಮ ಕೇಳಿದಳು. ಅವಳೂ, ಪಕ್ಕದಲ್ಲಿ ಕೂತಿದ್ದ ಸಿದ್ದಾಪುರದ ಗೀತಮ್ಮನೂ ಅಂಗನವಾಡಿಯವರು.

ಮುಂದಿನ ಸರದಿ ಯುವಕ ಸಂಘದ ದೊಡ್ಡೀರಪ್ಪನದು. ಅವನು ಎದ್ದೂ ನಿಲ್ಲಲಿಲ್ಲ. ತಲೆ ವಾರೆ ಮಾಡಿ ತುದಿ ಕಚ್ಚಿದ, ಚೂರನ್ನು ಪಕ್ಕಕ್ಕೆ ಉಗುಳಿದ, ಹೆಬ್ಬೆರಳು ತೋರುಬೆರಳಿನ ನಡುವೆ ಪ್ಯಾಕೆಟ್ಟನ್ನು ಬುಡದಿಂದ ಹಿಂಡಿ ಬಾಯಿಗೆ ಬಿಟ್ಟುಕೊಂಡ. ಒಂದು ಹನಿ ಕೆಳಗೆ ಬೀಳಲಿಲ್ಲ.

"ತರಬೇತಿ ಇವರೇ ಕೊಡಬೇಕಿತ್ತು ಬಿಡ್ರಿ," ಎಂದರು ಯಾರೋ.

"ಬಿಟ್ಟು ಬಾಳ ದಿನ ಆತ್ರಪ್ಪ," ಎಂದು ದೊಡ್ಡೀರಪ್ಪ ನಕ್ಕನಾದರೂ ಕಿವಿಯ ತುದಿ ಕೆಂಪಗಾಗಿತ್ತು.

ಚಂದ್ರಣ್ಣ ನಗಲಿಲ್ಲ. "ನಾನೂ ಕುಡಿದು ಬಿಟ್ಟವನೇ, ಅದ್ಕೇ ಹೇಳ್ತೀನಿ. ಹುಡುಗ್ರನ್ನ ಕುಡೀತೀಯಾ ಅಂತ ಕೇಳಿದ್ರೆ ಇಲ್ಲ ಅಂತಾವೆ. ಬಾಯಿಗೆ ಸುಳ್ಳು ಬೇಗ ಬರ್ತೈತೆ, ಕೈಗೆ ಬರಲ್ಲ. ಗೊತ್ತಾದ ದಿನ ಬೈಬ್ಯಾಡ್ರಿ, ಹೊಡೀಬ್ಯಾಡ್ರಿ. ಹೋಗಿ ಪಕ್ಕದಾಗೆ ಕೂತ್ಕಳ್ರಿ. ಮಾತು ಆಮೇಲೆ."

ಈ ತರಬೇತಿಗೆ ಬಂದವರು ಊರಿಗೆ ಹಿಂದಿರುಗಿ ತಮ್ಮ ತಮ್ಮ ಹುಡುಗರಿಗೆ ಕುಡಿತದ ವಿಷಯ ತಿಳಿಹೇಳಬೇಕಿತ್ತು. ಸಿದ್ದಾಪುರದಿಂದ ಯಾರು ಹೋಗಬೇಕೆಂಬ ಮಾತು ಬಂದಾಗ ಮೇಲ್ವಿಚಾರಕಿ ಶಾಂತಕುಮಾರಿ ಯೋಚಿಸಲೇ ಇಲ್ಲ. "ಗೀತಮ್ಮನೇ ಹೋಗ್ಲಿ. ಆಯಮ್ಮಂಗೆ ಅನುಭವ ಐತಲ್ಲ," ಎಂದಿದ್ದಳು, ಗಂಡ ಕುಡಿದು ಸತ್ತದ್ದೂ ಒಂದು ಪರೀಕ್ಷೆ ಪಾಸಾದಂತೆ. ಗೀತಮ್ಮ ಮರುಮಾತಾಡದೆ ಒಪ್ಪಿಕೊಂಡಳು. ಊರ ಹುಡುಗರಿಗಾಗಿ ಎಂದು ಎಲ್ಲರಿಗೂ ಹೇಳಿದಳು. ಮನಸ್ಸಿನಲ್ಲಿದ್ದವನು ಒಬ್ಬನೇ, ಮಗ ಪ್ರಭು. ಹದಿನೇಳರ ಹುಡುಗ. ಮೊಳಕಾಲ್ಮೂರಿನಲ್ಲಿ ಪಿಯುಸಿ ಓದುತ್ತ, ಸಂಜೆ ಅಲ್ಲೇ ಒಂದು ಮಗ್ಗದ ಮನೆಯಲ್ಲಿ ರೇಷ್ಮೆ ನೂಲನ್ನು ಲಾಳಿಯ ಕಂಡಿಕೆಗೆ ಸುತ್ತಿ ಕೊಡುತ್ತಿದ್ದ. "ನಿನ್ ಮಗನ ಕೈ ಬಲು ಹಗುರ ಕಣಮ್ಮ, ಎಳೆ ಹರಿಯಾದೇ ಇಲ್ಲ," ಎಂದು ಮಗ್ಗದ ಯಜಮಾನ ಹೇಳಿದ್ದನ್ನು ಗೀತಮ್ಮ ಅಂಗನವಾಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅಪ್ಪ ಹೋದ ಮೇಲೆ ಹುಡುಗ ಮಾತು ಕಡಿಮೆ ಮಾಡಿದ್ದ. ಬರುವುದು ಕಡೇ ಬಸ್ಸಿಗೆ, ಉಣ್ಣುವುದು ತಲೆ ತಗ್ಗಿಸಿ.

ಮಧ್ಯಾಹ್ನ ಎಲ್ಲರಿಗೂ ಒಂದೊಂದು ಪಾತ್ರ ಕೊಟ್ಟರು. ಗೀತಮ್ಮ ತಾಯಿ, ದೊಡ್ಡೀರಪ್ಪ ಕುಡಿದು ಬಂದ ಮಗ. ದೊಡ್ಡೀರಪ್ಪ ತೂರಾಡಿ ನಗಿಸಿದ. ಗೀತಮ್ಮ ಮಾತ್ರ ನಗದೆ ಅವನ ಪಕ್ಕಕ್ಕೆ ಕೂತಳು. "ಊಟಕ್ಕೆ ಬಾರಪ್ಪ. ಏನ್ ಮಾಡಿದ್ರೂ ನೀನು ನನ್ ಮಗನೇ. ಹೇಳು, ನಾನು ಕೇಳ್ತೀನಿ," ಎಂದಳು. ದೊಡ್ಡೀರಪ್ಪ ತೂರಾಡುವುದನ್ನು ನಿಲ್ಲಿಸಿ ನೆಲ ನೋಡತೊಡಗಿದ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. "ಇದೇ ಮಾತು, ಇದೇ ದನಿ," ಎಂದ ಚಂದ್ರಣ್ಣ.

ತರಬೇತಿಯ ಕೊನೆಯ ದಿನ ಅದು. ಎಣ್ಣೆ ಗಿರಣಿಗಳ ಶೇಂಗಾ ಹಿಂಡಿಯ ಕಮಟು ಊರಿಗೆ ಹೊರಟ ಬಸ್ಸಿನೊಳಗೂ ನುಗ್ಗುತ್ತಿತ್ತು. ಗೀತಮ್ಮ ಕಿಟಕಿಗೆ ತಲೆ ಆನಿಸಿ ಆ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ಬೆಳಗಾದರೆ ಗಂಡ ಓಬಳೇಶ ಸತ್ತು ವರ್ಷ. ಎಡೆ ಇಡಬೇಕು.

ಮನೆಯ ಗೂಡಿನಲ್ಲಿ ಸಾರಾಯಿ ಪ್ಯಾಕೆಟ್ಟುಗಳು ಆಗಲೇ ಬಂದು ಕೂತಿದ್ದವು. ತಂದಿಟ್ಟವನು ಗಂಡನ ಅಣ್ಣ ದುರುಗಣ್ಣ. ಅತ್ತೆ ಬೊಮ್ಮಕ್ಕ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅತ್ತೆ, ಇದು ಬ್ಯಾಡ."

"ಯಾವುದು?"

"ಕೋಳಿ ಇಡಾನ, ಮುದ್ದೆ ಇಡಾನ, ಬೀಡಿ ಬೇಕಾದ್ರೂ ಇಡಾನ. ಸಾರಾಯಿ ಬ್ಯಾಡ. ಅವರನ್ನ ತಿಂದಿದ್ದೇ ಅದು."

ಬೊಮ್ಮಕ್ಕ ಮೊರದಿಂದ ತಲೆ ಎತ್ತಲಿಲ್ಲ. "ಆಸ್ಪತ್ರೆಯಾಗೆ ಒಂದು ಗುಟುಕು ಕೇಳ್ದ. ಅಂಗಲಾಚಿ ಕೇಳ್ದ. ನೀನು ಕೊಟ್ಯಾ?"

"ಡಾಕ್ಟ್ರು ಬ್ಯಾಡ ಅಂದಿದ್ರು ಕಣತ್ತೆ."

"ಕೊಡದಿದ್ರೆ ಉಳಿದ್ನಾ?"

ನೀರಲ್ಲಿ ಅದ್ದಿದ ಹತ್ತಿಯನ್ನು ತುಟಿಗೆ ಒತ್ತಿದಾಗ ಓಬಳೇಶ ಮುಖ ತಿರುಗಿಸಿದ್ದು ಗೀತಮ್ಮನಿಗೆ ನೆನಪಾಯಿತು.

"ನನ್ ಮಗ ಬಾಯಾರ್ಕೊಂಡು ಹೋದ," ಎಂದಳು ಬೊಮ್ಮಕ್ಕ. "ನೀನು ಊರಿಗೆಲ್ಲ ಬುದ್ಧಿ ಹೇಳ್ಕ ಹೋಗು, ನಾನು ಬ್ಯಾಡ ಅನ್ನಲ್ಲ. ಸತ್ತೋನಿಗೆ ಯಾವ ಬುದ್ಧಿ ಹೇಳ್ತೀಯವ್ವ?"

ಗೀತಮ್ಮ ಕಂಬಕ್ಕೆ ಒರಗಿ ಕೂತಳು. ಎಡೆಗಿಟ್ಟ ಸಾರಾಯಿಯನ್ನು ಮಗನಾದವನು ಅಪ್ಪನನ್ನು ಹೂತ ಗುದ್ದಿನ ಮೇಲೆ ಹೊಯ್ದು, ಉಳಿದದ್ದನ್ನು ಪ್ರಸಾದವೆಂದು ತಾನು ಒಂದು ಗುಟುಕು ಕುಡಿಯುವುದು ಅವರ ಮನೆಯ ವಾಡಿಕೆ. ಓಬಳೇಶನೂ ತನ್ನಪ್ಪನ ಗುದ್ದಿನ ಹತ್ತಿರವೇ ಮೊದಲ ಗುಟುಕು ಕುಡಿದದ್ದು. ಮದುವೆಯಾದ ಹೊಸತರಲ್ಲಿ ಅದನ್ನು ಅವನೇ ನಗುನಗುತ್ತ ಹೇಳಿದ್ದ.

"ಇಡ್ರಿ," ಎಂದಳು ಕೊನೆಗೆ. "ಪ್ರಭು ಹೊಯ್ಲಿ. ಆದ್ರೆ ಅವನ ಬಾಯಿಗೆ ಒಂದು ಹನಿ ಬೀಳಕೂಡದು. ಬಿದ್ರೆ ನಾನು ಅಲ್ಲಿ ನಿಲ್ಲಲ್ಲ."

ಬೊಮ್ಮಕ್ಕ ಒಂದು ಕಲ್ಲು ಆರಿಸಿ ಎಸೆದಳು. "ಆತು ಬಿಡು. ಕುಡೀದಿದ್ರೆ ಬ್ಯಾಡ. ಕೂಸು ಅದು, ನನಗೂ ಗೊತ್ತೈತೆ."

ಅತ್ತೆ ಇಷ್ಟು ಬೇಗ ಒಪ್ಪಿದ್ದು ಗೀತಮ್ಮನಿಗೆ ಆಶ್ಚರ್ಯವೇ. ಕೋಳಿಸಾರಿಗೆ ಖಾರ ಅರೆಯುವಾಗ ಕೈಗೆ ಎಂದೂ ಇಲ್ಲದ ಬಲ ಬಂದಿತ್ತು. ಗೆದ್ದೆ ಅಂದುಕೊಂಡಳು.

ಓಬಳೇಶನನ್ನು ಮಣ್ಣು ಮಾಡಿದ್ದು ಬಂಡೆಗುಡ್ಡದ ಬುಡದ ಹೊಲದ ಬದುವಿನಲ್ಲಿ. ಮರುದಿನ ಅಲ್ಲಿ ನೀರು ಚಿಮುಕಿಸಿ, ಗುದ್ದಿಗೆ ಅರಿಶಿನ ಕುಂಕುಮ ಹಚ್ಚಿ, ಕಣಗಲೆ ಹೂ ಇಟ್ಟು, ಮುತ್ತುಗದ ಎಲೆಯ ಮೇಲೆ ಎಡೆ ಬಡಿಸಿದರು. ದುರುಗಣ್ಣ ಬೀಡಿ ಹಚ್ಚಿ ಕಲ್ಲಿನ ಸಂದಿಗೆ ಸಿಕ್ಕಿಸಿದ. ಹೊಗೆ ನೆಟ್ಟಗೆ ಏಳುತ್ತಿತ್ತು.

"ಬಾರಪ್ಪ ಪ್ರಭು," ಎಂದಳು ಬೊಮ್ಮಕ್ಕ. "ನಿಮ್ಮಪ್ಪನಿಗೆ ಹೊಯ್ಯಿ. ಬಾಯಾರಿರ್ತಾನೆ."

ಕತ್ತರಿ ತರಲು ಯಾರಿಗೂ ನೆನಪಾಗಿರಲಿಲ್ಲ. ದುರುಗಣ್ಣ ಸೊಂಟದಲ್ಲಿ ಚಾಕು ತಡಕುತ್ತ, "ತಡಿಯಲೇ, ಕುಯ್ದು ಕೊಡ್ತೀನಿ," ಎಂದ.

ಅಷ್ಟರಲ್ಲಿ ಪ್ರಭು ಪ್ಯಾಕೆಟ್ಟು ಕೈಗೆ ತೆಗೆದುಕೊಂಡಾಗಿತ್ತು. ಅವನ ಕಣ್ಣು ಕಣಗಲೆ ಹೂವಿನ ಮೇಲಿತ್ತು, ಕೈಯ ಕಡೆ ಅವನು ನೋಡಲೂ ಇಲ್ಲ. ತಲೆ ವಾರೆ ಮಾಡಿ ತುದಿ ಕಚ್ಚಿದ. ಪಕ್ಕಕ್ಕೆ ಉಗುಳಿದ. ಎರಡು ಬೆರಳಿನ ನಡುವೆ ಪ್ಯಾಕೆಟ್ಟನ್ನು ಬುಡದಿಂದ ಹಿಂಡುತ್ತ ಬಂದ. ಸಾರಾಯಿ ನೂಲಿನ ಎಳೆಯ ಹಾಗೆ ಸಣ್ಣಗೆ, ಎಲ್ಲೂ ತುಂಡಾಗದೆ ಗುದ್ದಿನ ಮೇಲೆ ಇಳಿಯಿತು. ಬೆರಳಿಗೆ ಒಂದು ಹನಿ ತಾಕಲಿಲ್ಲ.

"ಥೇಟು ಅವರಪ್ಪನೇ," ಎಂದು ಬೊಮ್ಮಕ್ಕ ಕಣ್ಣು ಒರೆಸಿಕೊಂಡಳು.

ದುರುಗಣ್ಣ ಚಾಕುವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ ಗುಡ್ಡದ ಕಡೆ ತಿರುಗಿದ. ಪ್ರಭು ಅವ್ವ ಹೇಳಿದ್ದಂತೆ ಏನನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಖಾಲಿ ಪ್ಯಾಕೆಟ್ಟನ್ನು ಗುದ್ದಿನ ಪಕ್ಕ ಇಟ್ಟು, ಕೈ ಮುಗಿದು, ಹೋಗಿ ದೂರದ ಬಂಡೆಯ ಮೇಲೆ ಕೂತ.

ಎಲ್ಲರೂ ಎಲೆ ಹಾಕಿಕೊಂಡು ಉಣ್ಣಲು ಕೂತರು. ಗೀತಮ್ಮ ಖಾಲಿ ಪ್ಯಾಕೆಟ್ಟಿನ ಕಚ್ಚಿದ ತುದಿಯನ್ನೇ ನೋಡುತ್ತಿದ್ದಳು. ಎಲ್ಲರ ಎಲೆಗೆ ಮುದ್ದೆ ಹಾಕಿದ ಬೊಮ್ಮಕ್ಕ, "ಹುಡುಗನ್ನ ಕರಿಯೇ," ಎಂದಾಗ ಕಾಲು ತಾನಾಗಿ ನಡೆಯಿತು. ಬಂಡೆ ಕಾದಿತ್ತು. ಮಗನ ಪಕ್ಕ ನಿಂತು, "ಊಟಕ್ಕೆ ಬಾರಪ್ಪ," ಎಂದಳು. ಅಲ್ಲಿಯವರೆಗೆ ಮಾತು ಬಂತು. ಮುಂದಿನದು, ನಿನ್ನೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದು, ಗಂಟಲಿಗೇ ಬರಲಿಲ್ಲ.

ಅವನು ಸ್ವಲ್ಪ ಸರಿದು ಜಾಗ ಮಾಡಿದ. ಗೀತಮ್ಮ ಕೂತಳು.

"ಯಾಕವ್ವ?"

"ಏನಿಲ್ಲ."

ಪ್ಯಾಕೆಟ್ಟಿನ ಚೂರು ದೂರ ಹೋಗಿರಲಿಲ್ಲ. ಅವನ ಕೆಳತುಟಿಗೆ ಅಂಟಿಕೊಂಡು ಬಿಸಿಲಿಗೆ ಮಿಣುಕುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಉಣ್ಣುವ ಕೂಸಿನ ಬಾಯಿಂದ ಅನ್ನದ ಅಗುಳು ತೆಗೆಯುವ ಹಾಗೆ ಅದನ್ನು ಒರೆಸಿ ತೆಗೆದಳು. ಪ್ರಭು ಬೆರಳಿನ ಕಡೆ ನೋಡಿದ, ಅವ್ವನ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಅವಳು ಒರೆಸಿ ಮುಗಿಸಿದ ಮೇಲೂ ಮುಖವನ್ನು ಹಾಗೇ ಎತ್ತಿ ಹಿಡಿದು ಕೂತಿದ್ದ.