ಸೀರೆ ಅಂಗಡಿಯೊಳಗಿನ ಸ್ಟೂಲು

ನನ್ನನ್ನು ಮಾಡಿದ್ದು ಒಬ್ಬ ಹೆಣ್ಣುಮಗಳ ಬಾತ ಕಾಲುಗಳಿಗಾಗಿ. ನಾನು ಬೇವಿನ ಮರದ ಒಂದು ಗಿಡ್ಡ ಸ್ಟೂಲು. ಹುಬ್ಬಳ್ಳಿಯ ಈರಪ್ಪ ಬಡಿಗೇರ ಯಾರದೋ ಮನೆಯ ಬಾಗಿಲು ಮಾಡಿ ಉಳಿದ ತುಂಡುಗಳನ್ನು ಜೋಡಿಸಿ, ಅಂಚು ಚುಚ್ಚದಂತೆ ಉಜ್ಜಿ, ಹೆಂಡತಿ ದಾಕ್ಷಾಯಣಿಯ ಮುಂದೆ ಇಟ್ಟ. ಆಕೆ ಪೇಟೆಯ ದೊಡ್ಡ ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದವಳು. ಅಲ್ಲಿ ಕೆಲಸದವರು ಕೂರುವಂತಿರಲಿಲ್ಲ. ಅಂಗಡಿ ತೆರೆದಾಗ ನಿಂತರೆ ಬಾಗಿಲು ಹಾಕುವವರೆಗೆ ನಿಂತೇ ಇರಬೇಕು. ಮನೆಗೆ ಬಂದವಳೇ ನನ್ನ ಮೇಲೆ ಕುಳಿತು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟು, ಕಣ್ಣು ಮುಚ್ಚಿ ಉದ್ದನೆಯ ಉಸಿರು ಬಿಡುತ್ತಿದ್ದಳು. ಆ ಉಸಿರಿಗಾಗಿ ನಾನು ದಿನವಿಡೀ ಕಾಯುತ್ತಿದ್ದೆ.

ಒಂದು ದಿನ ಅವಳು ಗಂಡನಿಗೆ, ಅಂಗಡಿಗೆ ಹೊಸದಾಗಿ ಸೇರಿದ ಶಕೀಲಾಳ ಸುದ್ದಿ ಹೇಳಿದಳು. ಬಸುರಿ ಹುಡುಗಿ, ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ, ಕೆಲಸ ಬಿಡುವಂತಿಲ್ಲ. ನಿಂತಲ್ಲೇ ಕಣ್ಣಿಗೆ ಕತ್ತಲೆ ಬಂದು ಸೀರೆಯ ರಾಶಿಯ ಮೇಲೆ ಕುಸಿದಳಂತೆ. ಮರುದಿನ ದಾಕ್ಷಾಯಣಿ ನನ್ನನ್ನು ದೊಡ್ಡ ಕೈಚೀಲದಲ್ಲಿ ತುಂಬಿಕೊಂಡು ಅಂಗಡಿಗೆ ಒಯ್ದಳು. ಇನ್ನು ಮನೆಯಲ್ಲಿ ತಾನು ಯಾವುದರ ಮೇಲೆ ಕೂರಬೇಕು ಎಂಬ ಯೋಚನೆ ಅವಳಿಗೆ ಬಂದಂತೆ ಕಾಣಲಿಲ್ಲ.

ಕೌಂಟರಿನ ಹಿಂದೆ, ಇಳಕಲ್ ಸೀರೆಗಳ ಕಟ್ಟಿನ ಮರೆಯಲ್ಲಿ ನನ್ನ ಜಾಗ. ಸಾಹುಕಾರ ಮಹಾರುದ್ರಪ್ಪ ಊಟಕ್ಕೆ ಒಳಗೆ ಹೋದೊಡನೆ ದಾಕ್ಷಾಯಣಿ ನನ್ನನ್ನು ಕಾಲಿನಿಂದ ಮುಂದೆ ತಳ್ಳಿದಳು.

“ಕುಂದ್ರವಾ. ನಿನ್ನ ಗಿರಾಕಿನ್ನ ನಾ ನೋಡ್ಕೋತೀನಿ.”

ಶಕೀಲಾ ಕುಳಿತಳು. ಅವಳು ಸದ್ದಿಲ್ಲದೆ ಅಳುತ್ತಿದ್ದದ್ದು ಬೇರೆಯವರಿಗೆ ಕಾಣದಿದ್ದರೂ ನನಗೆ ತಿಳಿಯಿತು. ದಾಕ್ಷಾಯಣಿ ಇಬ್ಬರ ಗಿರಾಕಿಗಳಿಗೂ ಸೀರೆ ಬಿಚ್ಚಿ ಹರವುತ್ತ, ನಡುನಡುವೆ ಬಗ್ಗಿ, ಇನ್ನು ಸ್ವಲ್ಪ ದಿನ, ಕೂಸು ಮಡಿಲಿಗೆ ಬಂದ ಮೇಲೆ ಈ ನೋವು ನೆನಪೂ ಇರುವುದಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದಳು. ಬರಬರುತ್ತ ಉಳಿದ ಹೆಂಗಸರೂ ಸರದಿಯಲ್ಲಿ ಬಂದು ಕೂರತೊಡಗಿದರು. ಒಬ್ಬಳು ಕುಳಿತರೆ ಪಕ್ಕದವಳು ಅವಳ ಕೆಲಸ ಮಾಡುವಳು. ಆ ಕೆಲವು ವಾರ ಕೌಂಟರಿನ ಹಿಂದೆ ನಗು ಕೇಳಿಸುತ್ತಿತ್ತು.

ಆ ನಗುವೇ ಸಾಹುಕಾರರನ್ನು ಕರೆತಂದಿತು. ಊಟ ಅರ್ಧಕ್ಕೆ ಬಿಟ್ಟು ಅವರು ಬಂದಾಗ ನನ್ನ ಮೇಲಿದ್ದವಳು ಶಕೀಲಾ. ದಡಕ್ಕನೆ ಎದ್ದಳು. ಇದನ್ನು ಯಾರು ತಂದದ್ದು, ಕಾಲು ಚಾಚಿ ಕೂರಲು ಇದೇನು ಮನೆಯ ಪಡಸಾಲೆಯೇ ಎಂದು ಅವರು ಕೇಳಿದರು. 

“ನಂದ್ರಿ,” ಎಂದಳು ದಾಕ್ಷಾಯಣಿ. “ನಾನ ತಂದೀನಿ. ಆಕೀನ್ನ ಕೂಡಿಸಿದಾಕಿನೂ ನಾನ.”

ನಾಳೆಯಿಂದ ಬರುವುದು ಬೇಡ ಎಂದರು ಸಾಹುಕಾರರು. ಸ್ಟೂಲಾದರೂ ಕೊಡಿ ಎಂದು ಅವಳು ಕೇಳಿದ್ದಕ್ಕೆ, ಅಂಗಡಿಯೊಳಗೆ ಬಂದದ್ದು ಅಂಗಡಿಯದು ಎಂದರು. ಅವಳು ಚಪ್ಪಲಿ ಮೆಟ್ಟುವಾಗ ಶಕೀಲಾ ಸೀರೆ ಮಡಚುತ್ತಿದ್ದಳು. ಒಂದೇ ಸೀರೆಯನ್ನು ಬಿಚ್ಚಿ ಬಿಚ್ಚಿ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

ಅಂದಿನಿಂದ ನಾನು ಮೇಲಿನ ಕಪಾಟಿನ ಸೀರೆ ತೆಗೆಯಲು ಹತ್ತುವ ಮೆಟ್ಟಿಲಾದೆ. ಕೂರಲೆಂದು ಮಾಡಿದ ನನ್ನ ಮೇಲೆ ಎಲ್ಲರೂ ನಿಂತರು. ವರ್ಷಗಳು ಹೋದವು. ಶಕೀಲಾಳ ಮಗ ಶಾಲೆಗೆ ಹೋಗುವಂತಾದ. ಅವಳು ಹೆಂಗಸರ ಮೇಲ್ವಿಚಾರಕಿಯಾದಳು. ಗೋಡೆಗೆ ಒರಗಿದವರನ್ನು ಮೊದಲು ಹಿಡಿಯುತ್ತಿದ್ದವಳು ಅವಳೇ. ಯಾವ ಹೊತ್ತಿಗೆ ಯಾರ ಕಾಲು ಸೋಲುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ಮದುವೆಯ ಹಂಗಾಮಿನಲ್ಲಿ ದಾಕ್ಷಾಯಣಿ ಬಂದಳು, ತಂಗಿಯ ಮಗಳಿಗೆ ಸೀರೆ ಕೊಳ್ಳಲು. ಪಾದ ಕಂಡೊಡನೆ ನನಗೆ ಗುರುತು ಹತ್ತಿತು. ಗಿರಾಕಿಗಳಿಗೆಂದು ಮೆತ್ತನೆಯ ಕುರ್ಚಿಗಳಿದ್ದವು. ಶಕೀಲಾ ಓಡಿಬಂದು ಒಂದನ್ನು ಎಳೆದು, “ಕುಂದರ್ರಿ ಅಕ್ಕಾ,” ಎಂದಳು.

ದಾಕ್ಷಾಯಣಿ ಕುರ್ಚಿಯನ್ನು ನೋಡಿದಳು. ಸೀರೆ ತೋರಿಸಲು ನಿಂತಿದ್ದ ಎಳೆಯ ಹುಡುಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದುದನ್ನೂ ನೋಡಿದಳು.

“ಇರ್ಲಿ ಬಿಡವಾ. ಆಕಿ ನಿಂತಾಳ.”

ಸೀರೆ ಆರಿಸಿ ಮುಗಿಯುವವರೆಗೂ ಅವಳು ನಿಂತೇ ಇದ್ದಳು. ಶಕೀಲಾಳ ಮಗನ ಹೆಸರು ಕೇಳಿದಳು, ಗಂಡ ಎದ್ದು ಓಡಾಡುತ್ತಾನೆಯೇ ಎಂದು ವಿಚಾರಿಸಿದಳು. ಹಳೆಯ ಮಾತೊಂದನ್ನೂ ಎತ್ತಲಿಲ್ಲ.

ಆ ಸಂಜೆ, ಸ್ಟೂಲಿನ ಕಾಲು ಸಡಿಲವಾಗಿದೆ ಎಂಬ ನೆಪ ಹೇಳಿ ಶಕೀಲಾ ನನ್ನನ್ನು ಅಂಗಡಿಯ ನೆಲಮಾಳಿಗೆಗೆ ಇಳಿಯುವ ಮರದ ಮೆಟ್ಟಿಲ ಕೆಳಗಿನ ಮೂಲೆಗೆ ಎತ್ತಿಕೊಂಡು ಬಂದಳು. ಪೊರಕೆ, ಖಾಲಿ ಡಬ್ಬಗಳ ನಡುವೆ ನನ್ನನ್ನಿಟ್ಟು, ಮೇಲೆ ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಈಗ ಇವಳು ಎದ್ದುಹೋಗಿ ಆ ಹುಡುಗಿಯನ್ನು ಕರೆದು ಕೂಡಿಸುತ್ತಾಳೆ ಎಂದುಕೊಂಡೆ. ಮರದ ಬುದ್ಧಿ ನನ್ನದು. ಮೇಲಿನಿಂದ ಸಾಹುಕಾರರು ಕೂಗಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು.

ಅಂದಿನಿಂದ ನಾನು ಇಲ್ಲೇ ಇದ್ದೇನೆ. ಬೇವಿಗೆ ಹುಳು ಹಿಡಿಯುವುದಿಲ್ಲ, ಇನ್ನೂ ಬಹಳ ಕಾಲ ಇರುತ್ತೇನೆ. ದಣಿದಾಗ ಸಿಕ್ಕ ಆಸರೆಯನ್ನು ಮನುಷ್ಯರು ಇನ್ನೊಬ್ಬ ದಣಿದವರಿಗೆ ದಾಟಿಸುತ್ತಾರೆ ಎಂದು ನಾನು ನಂಬಿದ್ದೆ. ಕೆಲಸ ಹೋದೀತೆಂಬ ಭಯ ಅದನ್ನು ನಡುವೆಯೇ ನುಂಗುತ್ತದೆ ಎಂದು ಗೊತ್ತಿರಲಿಲ್ಲ. ಈಗ ದಿನವೂ ಮೇಲಿನ ಹಲಗೆಗಳ ಸಂದಿಯಿಂದ ಶಕೀಲಾಳ ದನಿ ಇಳಿದುಬರುತ್ತದೆ:

“ನೆಟ್ಟಗ ನಿಂದ್ರು. ಗ್ವಾಡಿಗೆ ಒರಗಬ್ಯಾಡ.”