ಮೂರನೆಯ ತೊರೆಯ ಬಳಿ ದಾರಿ ತಪ್ಪುವ ಕೆಲಸ

ಆ ದ್ವೀಪದ ಕಾಡಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಕಡಲನ್ನು ಸೇರಬಲ್ಲ ಗೈಡಿಗೆ, ದಿನಕ್ಕೊಂದು ಸಲ, ಸರಿಯಾಗಿ ಹತ್ತೂವರೆಗೆ, ದಾರಿ ತಪ್ಪಬೇಕೆಂಬ ಆಜ್ಞೆಯಾಗಿತ್ತು. ಆಜ್ಞಾಪಿಸಿದವರು ರೆಸಾರ್ಟಿನ ಮ್ಯಾನೇಜರು. ಬರಿಯ ಮರ, ಬರಿಯ ಹಕ್ಕಿ, ಬರಿಯ ಜಲಪಾತಗಳಿಂದ ಅತಿಥಿಗಳಿಗೆ ರೋಮಾಂಚನವಾಗುತ್ತಿಲ್ಲವೆಂದು ಮನಗಂಡ ಆ ಮಹನೀಯರು, ಸೃಷ್ಟಿಕರ್ತ ಉಳಿಸಿಹೋಗಿದ್ದ ಕೊರತೆಯನ್ನು ತಾವೇ ತುಂಬಿಕೊಟ್ಟಿದ್ದರು. ಮೂರನೆಯ ತೊರೆ ದಾಟಿದೊಡನೆ ಗೈಡು ನಿಲ್ಲಬೇಕು, ಹಣೆ ಒರೆಸಿಕೊಳ್ಳಬೇಕು, "ಅಯ್ಯಯ್ಯೋ, ಇದೆಲ್ಲಿಗೆ ಬಂದುಬಿಟ್ವಿ?" ಎನ್ನಬೇಕು. ಒಂದೇ ಬಂಡೆಯನ್ನು ಮೂರು ಸುತ್ತು ಹಾಕಿಸಿ, ಅತಿಥಿಗಳು ದೇವರನ್ನು ನೆನೆಯತೊಡಗಿದ ಮೇಲೆ ದಾರಿ ಸಿಗಬೇಕು. ಅದು ಸಿಗುತ್ತಿದ್ದುದು ರೆಸಾರ್ಟಿನದೇ ಹಣ್ಣಿನ ರಸದಂಗಡಿಯ ಮುಂದೆ ಎಂಬುದು ದೈವಕೃಪೆಯಲ್ಲದೆ ಮತ್ತೇನು?

"ಏನ್ರೀ, ಇವತ್ತೆಷ್ಟು ಹೊತ್ತು ಕಳೆದುಹೋಗಿದ್ರಿ?" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು. "ಮನೆ ದಾರಿ ಸಿಕ್ತಲ್ಲ, ಪುಣ್ಯ!"

ಲೈಸೆನ್ಸು ನವೀಕರಿಸುವ ದಿನ ಬರುವವರೆಗೆ ಗೈಡೂ ನಗುತ್ತಿದ್ದ.

ಅರಣ್ಯಾಧಿಕಾರಿಗಳು ಅತಿಥಿಗಳ ಅಭಿಪ್ರಾಯಗಳನ್ನೆಲ್ಲ ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡಿದ್ದರು. "'ಗೈಡಿಗೇ ದಾರಿ ಗೊತ್ತಿಲ್ಲ, ಅದ್ಭುತ ಅನುಭವ!' ಏನಯ್ಯಾ ಇದು? ನಲವತ್ತೊಂದು ಜನ ಹೀಗೇ ಬರೆದಿದ್ದಾರೆ."

"ಅದು ನಾಟಕ ಸಾರ್. ಮ್ಯಾನೇಜರ್ ಸಾಹೇಬ್ರು ಹೇಳಿಕೊಟ್ಟಿದ್ದು."

"ಹಾಗಂತ ಎಲ್ಲಿ ಬರೆದಿದೆ? ನಿನಗೆ ದಾರಿ ಗೊತ್ತು ಅಂತ ಒಂದು ಕಾಗದ ತಾ, ಶನಿವಾರದೊಳಗೆ. ಇಲ್ಲಾಂದ್ರೆ ಲೈಸೆನ್ಸು ಮರೆತುಬಿಡು."

ಕಾಡಿನೊಳಗೆ ಒಮ್ಮೆಯೂ ಕಾಲಿಡದ ಆ ಅಧಿಕಾರಿಗಳಿಗೆ ಕಾಗದದ ಮೇಲೆ ಅಚಲವಾದ ನಂಬಿಕೆಯಿತ್ತು. ಇಪ್ಪತ್ತು ವರ್ಷ ಆ ಕಾಡನ್ನು ತುಳಿದವನ ಮಾತಿಗೆ ಅಂಥ ಯೋಗ್ಯತೆ ಎಲ್ಲಿಂದ ಬರಬೇಕು!

ಗೈಡು ಮ್ಯಾನೇಜರರ ಮುಂದೆ ಕೈಮುಗಿದು ನಿಂತ.

"ನಾಟಕ ಅಂತ ನಾನೇ ಬರೆದುಕೊಟ್ರೆ ನಾಳೆಯಿಂದ ಯಾರಪ್ಪಾ ಹೆದರ್ತಾರೆ?" ಎಂದರು ಅವರು, ನೊಂದ ದನಿಯಲ್ಲಿ. "ನಿನ್ನೊಬ್ಬನಿಗೋಸ್ಕರ ಇಡೀ ರೆಸಾರ್ಟಿನ ಮಾನ ಕಳೀಲಾ? ನೀನೇನೂ ಚಿಂತೆ ಮಾಡ್ಬೇಡ, ನಿನ್ನ ಜಾಗಕ್ಕೆ ನನ್ನ ಬಾಮೈದ ಇದಾನೆ. ಅವನಿಗೆ ನಾಟಕ ಕಲಿಸೋ ಗೋಜೂ ಇಲ್ಲ, ನಿಜವಾಗ್ಲೂ ದಾರಿ ಗೊತ್ತಿಲ್ಲ."

ಶನಿವಾರ ಹನ್ನೊಂದು ಜನ ಅತಿಥಿಗಳಿದ್ದರು. ಮೂರನೆಯ ತೊರೆ ದಾಟಿದ್ದೇ ತಡ, ಹನ್ನೊಂದು ಮೊಬೈಲುಗಳು ಮೇಲೆದ್ದವು.

"ಇಲ್ಲೇ ಅಲ್ವೇನ್ರೀ ನೀವು ದಾರಿ ತಪ್ಪೋದು?" ಎಂದರು ಟೋಪಿ ಧರಿಸಿದ್ದ ಹಿರಿಯರೊಬ್ಬರು. "ಎಲ್ಲರೂ ಬರೆದಿದ್ದಾರೆ. ಹೂಂ, ತಪ್ಪಿ."

ಗೈಡು ಹಣೆ ಒರೆಸಿಕೊಳ್ಳಲಿಲ್ಲ. "ಎಡಕ್ಕೆ ಜಲಪಾತ ಸಾರ್. ನೇರ ಹೋದ್ರೆ ನಲವತ್ತು ನಿಮಿಷಕ್ಕೆ ಕಡಲು. ಈ ಕಾಡಲ್ಲಿ ನಾನು ಒಂದು ದಿನಾನೂ ದಾರಿ ತಪ್ಪಿಲ್ಲ. ಬನ್ನಿ."

ದಾರಿಯಲ್ಲಿ ಅವನು ಹಕ್ಕಿಯ ಗೂಡು ತೋರಿಸಿದ, ಜಾರುವ ಬಂಡೆಯ ಮೇಲೆ ಮುದುಕರ ಕೈಹಿಡಿದು ದಾಟಿಸಿದ. ಇಷ್ಟೆಲ್ಲ ಅಪಚಾರವನ್ನು ಸಹಿಸಿಕೊಂಡ ಹನ್ನೊಂದು ಜನ, ನಲವತ್ತನೆಯ ನಿಮಿಷಕ್ಕೆ, ಒಂದು ತರಚುಗಾಯವೂ ಇಲ್ಲದೆ, ಕೆಂಡದಂತಹ ಕೋಪದಲ್ಲಿ ಕಡಲ ತೀರ ಮುಟ್ಟಿದರು.

"ಬರೆದೇ ಕೊಡ್ತೀನಿ ದೂರು!" ಎಂದು ಹಿರಿಯರು ಗುಡುಗಿದರು.

ಗೈಡಿನ ಮುಖದಲ್ಲಿ ಏನೋ ಹೊಳೆಯಿತು. "ಖಂಡಿತ ಬರೀರಿ ಸಾರ್. ಪೆನ್ನು ಇಲ್ಲಿದೆ. ಎಲ್ಲರ ಸಹೀನೂ ಹಾಕಿಸಿ. ನನಗೂ ಒಂದು ಪ್ರತಿ ಕೊಡಿ."

ಕಚೇರಿಯ ಬಾಗಿಲು ಮುಚ್ಚುವ ಮೊದಲೇ ಆ ಪ್ರತಿ ಅಧಿಕಾರಿಗಳ ಮೇಜು ಸೇರಿತ್ತು. ಅವರು ಗಟ್ಟಿಯಾಗಿ ಓದಿದರು: "'ಈ ಮನುಷ್ಯನಿಗೆ ಕಾಡಿನ ಪ್ರತಿ ಹೆಜ್ಜೆಯೂ ಗೊತ್ತು. ಎಷ್ಟು ಕೇಳಿಕೊಂಡರೂ ದಾರಿ ತಪ್ಪಲಿಲ್ಲ. ಹೇಳಿದ ಹೊತ್ತಿಗೆ ಕಡಲಿಗೆ ಮುಟ್ಟಿಸಿ ನಮ್ಮ ಸಾಹಸವನ್ನು ಸಂಪೂರ್ಣ ಹಾಳುಮಾಡಿದ್ದಾನೆ.'"

ಮತ್ತೊಮ್ಮೆ ಓದಿ, ಹನ್ನೊಂದು ಸಹಿಗಳನ್ನೂ ಎಣಿಸಿ, ಅವರು ಗೈಡನ್ನು ಗದರಿದರು: "ಒಂದು ಒಳ್ಳೆ ದೂರು ತರೋಕೆ ಇಷ್ಟು ದಿನ ಬೇಕಾಯ್ತೇನಯ್ಯಾ ನಿನಗೆ?"

ಆಮೇಲೆ ಲೈಸೆನ್ಸಿನ ಮೇಲೆ ಮೊಹರು ಒತ್ತಿದರು.